ಕತ್ತರಿಸಿದ ಚೌಕ

ನಲವತ್ತು ವರ್ಷ ಲುಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ
ಹಲ್ಲುಗಳ ಎಕ್ಸ್-ರೇ ತೆಗೆದವನು ನಾನು.
ಕಪ್ಪಿನೊಳಗಿನ ಬಿಳುಪು, ಬಿಳುಪಿನೊಳಗಿನ ಹುಳುಕು
ಓದುವುದಷ್ಟೇ ಗೊತ್ತು.
ಈಗ ವಿಮಾನಗಳ ಹೆಣ ಓದುತ್ತೇನೆ.

ಫೋಟೋ ನನ್ನ ಅಂಗೈಗಿಂತ ಚಿಕ್ಕದು, ಅಂಚು ಗರಗಸ.
ಯಾವನೋ ಜರ್ಮನ್ ಸಿಪಾಯಿ ಮನೆಗೆ ಕಳಿಸಿದ್ದು,
ಅವನ ಮೊಮ್ಮಕ್ಕಳು ಆಲ್ಬಮ್ ಕಿತ್ತು
ಬಿಡಿಬಿಡಿಯಾಗಿ ಮಾರಿದ್ದು.
ಹಿಂಬದಿಗೆ ಪೆನ್ಸಿಲ್ಲಿನಲ್ಲಿ, ಒತ್ತಿ ಬರೆದ ಅಕ್ಷರ:
'ಪೋಲಿಷ್ ಹಕ್ಕಿ. ಸೆಪ್ಟೆಂಬರ್. ಬಿಸಿಲು ಜೋರು.'
ಊರಿನ ಹೆಸರಿಲ್ಲ. ಅವನಿಗದು ಬೇಕಿರಲಿಲ್ಲ.

ಮೂತಿ ಮಣ್ಣಿಗೆ ಊರಿ, ಬಾಲ ಮೇಲೆತ್ತಿ ನಿಂತಿದೆ
ನೀರಿಗೆ ಬಗ್ಗಿದ್ದು ಮತ್ತೆ ತಲೆಯೆತ್ತದ ದನದಂತೆ.
ರೆಕ್ಕೆ ಭುಜದ ಬಳಿ ಬಾಗಿದೆ, ಕಡಲಹಕ್ಕಿಯ ಹಾಗೆ.
ನಮ್ಮದೇ, ಅನುಮಾನವಿಲ್ಲ.
ಆದರೆ ಏಳನೆಯ ಮಾದರಿಯೋ, ಹನ್ನೊಂದೋ?
ಭೂತಗನ್ನಡಿ ಹಿಡಿದು ಉಸಿರು ಕಟ್ಟಿದೆ.
ಉಸಿರು ತಾಗಿದರೆ ಗಾಜು ಮಬ್ಬು,
ಮಬ್ಬಿನಲ್ಲಿ ನಮಗೆ ಬೇಕಾದ್ದೇ ಕಾಣುತ್ತದೆ.
ಎಂಜಿನ್ನು ತುಸು ಕೆಳಗೆ ಕೂತಿದೆ
ಪೈಲಟ್ಟಿನ ಕಣ್ಣಿಗೆ ದಾರಿ ಬಿಟ್ಟು.
ಹನ್ನೊಂದು.

ಯೆರೆಮಿ ಫೋನಿನಲ್ಲೇ ರಿವೆಟ್ಟು ಎಣಿಸುತ್ತಾನೆ
ಮುದುಕಿಯರು ಜಪಮಣಿ ಜರುಗಿಸುವ ಹಾಗೆ.
ಅವನಿಗೆ ನೆರಳು ಬೇಕು. ನೆರಳಿನ ಉದ್ದದಿಂದ ಹೊತ್ತು,
ಹೊತ್ತಿನಿಂದ ದಿಕ್ಕು, ದಿಕ್ಕಿನಿಂದ
ದೂರದ ಆ ಚರ್ಚಿನ ಗೋಪುರ ಯಾವ ಊರಿನದೆಂದು.
ನನಗೆ ರೈ ಕೊಯ್ದ ಕೂಳೆ ಸಾಕು,
ಇನ್ನೂ ಅಗೆಯದ ಆಲೂಗಡ್ಡೆಯ ಸಾಲು ಸಾಕು.
ಮೂರು ಚಳಿಗಾಲ ಜಗಳವಾಡಿದೆವು
ಒಂದು ಗೋಪುರದ ಈರುಳ್ಳಿ ತುದಿಗಾಗಿ.
'ಸತ್ತ ಕುದುರೆಯ ಹಲ್ಲು ಎಣಿಸಿ ವಯಸ್ಸು ಹೇಳುತ್ತೀರಿ'
ಎಂದಳು ಬೊಝೆನಾ, ಬೀಟ್‌ರೂಟಿನ ಸಾರು ತಂದಿಟ್ಟು.

ರೆಕ್ಕೆಯಡಿಯ ಅಂಕಿ ಅರ್ಧ ಮಣ್ಣುಪಾಲು.
ಎಂಟಿರಬಹುದು, ಮೂರಿರಬಹುದು.
ಬಾಲದ ಮೇಲೆ ಕೆಂಪು-ಬಿಳಿ ಚೌಕ ಇರಬೇಕಾದಲ್ಲಿ
ತೂತು. ನೆಟ್ಟಗೆ ಕತ್ತರಿಸಿದ್ದು.
'ಸಿಪಾಯಿಗಳು ನೆನಪಿಗೆಂದು ಒಯ್ದರು'
ಎಂದು ಯೆರೆಮಿ ತನ್ನ ಪಟ್ಟಿಯಲ್ಲಿ ಬರೆದ.
ನಾನೂ ತಲೆಯಾಡಿಸಿದೆ. ಒಯ್ಯುತ್ತಿದ್ದರು, ನಿಜ.

ಗೋಪುರ ಸಿಕ್ಕಿತು. ಎರಡು ಬಸ್ಸು ಬದಲಿಸಿ ಹೋದೆವು.
ಲೆಯೊಕಾದ್ಯ ಗಬ್ರಿಸ್ಯಾಕ್, ತೊಂಬತ್ತೊಂದು,
ಫೋಟೋವನ್ನು ಮೂಗಿನ ಹತ್ತಿರ ಹಿಡಿದಳು.
ವಿಮಾನ ನೋಡಲಿಲ್ಲ.
ನಾವು ಕಾಗದದ ಕಲೆಯೆಂದು ಬಿಟ್ಟಿದ್ದ ಬಿಳಿ ಚುಕ್ಕೆ ಮುಟ್ಟಿ
'ನಮ್ಮ ಹೆಬ್ಬಾತು' ಎಂದಳು. 'ಜಗಳಗಂಟಿ.'

ಆಮೇಲೆ ಹಿತ್ತಿಲಿಗೆ ಕರೆದೊಯ್ದಳು.
ಮೊಲದ ಗೂಡಿನ ಮಾಡಿಗೆ ಒಂದು ತೇಪೆ,
ಸಣ್ಣ ಗೀರು ಗೀರಿನ ತಗಡು, ಮೇಲೆ ಹತ್ತು ಸಲದ ಸುಣ್ಣ.
ಉಗುರಿನಲ್ಲಿ ಕೆರೆದಳು. ಕೆಂಪು.
'ಜರ್ಮನರಲ್ಲ, ಅಪ್ಪ. ರಾತ್ರಿ ಹೋಗಿ,
ತಗಡಿನ ಕತ್ತರಿ ಪಕ್ಕದ ಮನೆಯಿಂದ ಕಡ ತಂದು.'
ದೇಶದ ಗುರುತು ಕಾಪಾಡಲಿಕ್ಕಾ, ಎಂದ ಯೆರೆಮಿ.
'ಸೋರುತ್ತಿತ್ತು' ಎಂದಳು.
ಅವನು ಮತ್ತೆ ಬಾಯಿ ತೆರೆದ.
'ಸೋರುತ್ತಿತ್ತಪ್ಪಾ' ಎಂದಳು, ಕಿವುಡನಿಗೆ ಹೇಳುವಂತೆ.

ಪಟ್ಟಿಯ ಎರಡು ಹೆಸರು ಓದಿ ಹೇಳಿದೆ.
ಮೂರಾದರೆ ಇವನು, ಗಡಿ ದಾಟಿ ರುಮೇನಿಯಾ ಸೇರಿದ;
ಎಂಟಾದರೆ ಇವನು, ಆಮೇಲೆ ಸುದ್ದಿಯಿಲ್ಲ.
ಅಜ್ಜಿಗೆ ಹೆಸರು ಗೊತ್ತಿಲ್ಲ.
'ದನದ ತೊಟ್ಟಿಯಲ್ಲಿ ಕೈ ತೊಳೆದ.
ಎಡಗೈಯಲ್ಲಿ ಲೋಟ ಹಿಡಿದು ಮಜ್ಜಿಗೆ ಕುಡಿದ,
ಎಡಚ ಅಂತ ಅಮ್ಮ ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡಳು.
ದಕ್ಷಿಣದ ದಾರಿ ಕೇಳಿದ. ಅಪ್ಪ ತೋರಿಸಿದ.
ಸೇತುವೆ ಬಿದ್ದದ್ದು ನಮಗೆ ಮರುದಿನ ಗೊತ್ತಾಯಿತು.'

ಎಡಗೈಗೆ ನಮ್ಮ ಪಟ್ಟಿಯಲ್ಲಿ ಕಾಲಮ್ಮಿಲ್ಲ.
ಹಿಂದಿರುಗುವ ಬಸ್ಸಿನಲ್ಲಿ ಯೆರೆಮಿ
'ಸಿಪಾಯಿಗಳು' ಹೊಡೆದುಹಾಕಿ 'ಮೊಲಗಳು' ಎಂದು ಬರೆದ,
ಅಂಕಿಯ ಮನೆ ಖಾಲಿ ಬಿಟ್ಟು ನಿದ್ದೆಹೋದ.
ನಾನು ಹಳೇ ಚಾಳಿಯಲ್ಲಿ
ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಎಕ್ಸ್-ರೇ ಅಲ್ಲವಲ್ಲ, ದಪ್ಪ ಕಾಗದ, ಏನೂ ತೂರಿ ಬರಲಿಲ್ಲ.
ಪೆನ್ಸಿಲ್ ಒತ್ತಿದ ಕಡೆ ಮಾತ್ರ ಆಕಾಶದಲ್ಲಿ
ಸಣ್ಣ ಉಬ್ಬು, ತಿರುವುಮುರುವು ಅಕ್ಷರ:
ಬಿಸಿಲು ಜೋರು.